ರೈವೋಲದ ಲಾರ್ಚ್ ತೋಪು

ಕೆಲವು ವರ್ಷಗಳ ಹಿಂದೆ ಏದಿತ್ ಸೋಡರ್‌ಗ್ರಾನ್ ಎಂಬ ಕವಿಯ ಕವನಗಳ ಇಂಗ್ಲಿಷ್ ಅನುವಾದವೊಂದು ನನ್ನ ಕೈಗೆ ಬಂತು. ಆಕೆ ಫಿನ್ಲೆಂಡಿನವಳು. ಆದರೆ ಬರೆದದ್ದು ಫಿನ್ನಿಷ್ ಭಾಷೆಯಲ್ಲಲ್ಲ, ಆ ದೇಶದ ಅಲ್ಪಸಂಖ್ಯಾತರ ಭಾಷೆಯಾದ ಸ್ವೀಡಿಷಿನಲ್ಲಿ. ಹುಟ್ಟಿದ್ದು 1892ರಲ್ಲಿ ರಷ್ಯದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ. ಬದುಕಿನ ಹೆಚ್ಚಿನ ಭಾಗ ಕಳೆದದ್ದು, 1923ರಲ್ಲಿ ಕ್ಷಯರೋಗದಿಂದ ತೀರಿಕೊಂಡದ್ದು ರೈವೋಲ ಎಂಬ ಹಳ್ಳಿಯಲ್ಲಿ.

ಗಡಿನಾಡಿನವನಾದ ನನಗೆ ಒಂದು ಚಟವಿದೆ. ಯಾವ ಸಾಹಿತಿಯ ಊರಿನ ಹೆಸರು ಕಂಡರೂ ಅದು ಭೂಪಟದ ಗೆರೆಯ ಯಾವ ಮಗ್ಗುಲಲ್ಲಿದೆ ಎಂದು ನೋಡದೆ ಸಮಾಧಾನವಾಗುವುದಿಲ್ಲ. ಫಿನ್ಲೆಂಡಿನ ಭೂಪಟ ಬಿಡಿಸಿ ಹುಡುಕಿದೆ. ರೈವೋಲ ಇರಲಿಲ್ಲ. ರಷ್ಯದ ಭೂಪಟದಲ್ಲಿ ಹುಡುಕಿದೆ. ಅಲ್ಲಿಯೂ ಆ ಹೆಸರಿರಲಿಲ್ಲ. ಇನ್ನಷ್ಟು ಓದಿದ ಮೇಲೆ ತಿಳಿಯಿತು: ಊರು ಇದೆ, ಹೆಸರು ಹೋಗಿದೆ. ಎರಡನೆಯ ಮಹಾಯುದ್ಧದ ನಂತರ ಊರು ಸೋವಿಯತ್ ರಷ್ಯದ ಪಾಲಾಯಿತು. 1948ರಲ್ಲಿ ಅದಕ್ಕೆ ರೋಷ್ಚಿನೊ ಎಂದು ಹೊಸ ಹೆಸರಿಡಲಾಯಿತು. ರಷ್ಯನ್ ಭಾಷೆಯಲ್ಲಿ 'ರೋಷ್ಚ' ಎಂದರೆ ತೋಪು. ನಮ್ಮ ಮಾತಿನಲ್ಲಿ ಹೇಳುವುದಾದರೆ 'ತೋಪಿನೂರು'.

ಯಾವ ತೋಪು? ಈ ಪ್ರಶ್ನೆಯ ಬೆನ್ನು ಹತ್ತಿ ಹೋದವನಿಗೆ ಸಿಕ್ಕಿದ್ದು ಒಂದು ಮರದ ಕಥೆ. ಆ ತೋಪನ್ನು ನಾನು ಕಣ್ಣಾರೆ ಕಂಡವನಲ್ಲ. ಓದಿ ತಿಳಿದದ್ದನ್ನು ಇಲ್ಲಿ ನಿರೂಪಿಸುತ್ತಿದ್ದೇನೆ. ಆದರೂ ಅದನ್ನು ಓದುವಾಗ ನಮ್ಮ ಅಂಗಳದ ವಿಚಾರವನ್ನೇ ಓದುತ್ತಿದ್ದೇನೆ ಎಂದು ಅನೇಕ ಸಲ ಅನ್ನಿಸಿದೆ.

ಮರದ ಪರಿಚಯ

ಮರದ ಹೆಸರು ಲಾರ್ಚ್. ಕನ್ನಡದಲ್ಲಿ ಇದಕ್ಕೆ ಹೆಸರಿಲ್ಲ. ನಮ್ಮ ನಾಡಿನಲ್ಲಿ ಬೆಳೆಯದ ಮರಕ್ಕೆ ಹೆಸರಿನ ಅಗತ್ಯವೂ ಬಿದ್ದಿರಲಾರದು. ಭಾರತದಲ್ಲಿ ಇದರ ಬಂಧುವೊಂದು ಸಿಕ್ಕಿಂ ಮತ್ತು ಅರುಣಾಚಲದ ಎತ್ತರದ ಹಿಮಾಲಯದಲ್ಲಿದೆ. ಉಳಿದಂತೆ ಇದು ಉತ್ತರದ ಶೀತ ನಾಡುಗಳ ಮರ. ಆಲ್ಪ್ಸ್ ಪರ್ವತಗಳಲ್ಲಿ ಒಂದು ಜಾತಿ, ಕೆನಡಾದ ಜೌಗು ನೆಲದಲ್ಲಿ ಇನ್ನೊಂದು, ಸೈಬೀರಿಯದ ಉದ್ದಗಲಕ್ಕೂ ಬೇರೆ ಜಾತಿಗಳು. ರಷ್ಯದ ಕಾಡುಗಳಲ್ಲಿ ಬೇರೆ ಯಾವ ಮರಕ್ಕಿಂತಲೂ ಹೆಚ್ಚು ನೆಲವನ್ನು ಆವರಿಸಿರುವುದು ಲಾರ್ಚ್. ಸೈಬೀರಿಯದ ತೈಮೀರ್ ಪ್ರದೇಶದಲ್ಲಿ ಉತ್ತರ ಅಕ್ಷಾಂಶ 72 ಡಿಗ್ರಿಯನ್ನೂ ದಾಟಿ ಇದು ನಿಂತಿದೆ. ಅದಕ್ಕಿಂತ ಉತ್ತರದಲ್ಲಿ ಕಾಡು ಎಂಬುದೇ ಇಲ್ಲ.

ಪೈನ್, ಸ್ಪ್ರೂಸ್, ದೇವದಾರುಗಳಂತೆ ಇದೂ ಸೂಜಿಯೆಲೆಯ ಮರ. ಕಾಯಿಯೂ ಅವುಗಳಂತೆಯೇ ಶಂಕುವಿನಾಕಾರದ್ದು. ಆದರೆ ಆ ಕುಲದ ಹೆಚ್ಚಿನ ಮರಗಳು ವರ್ಷವಿಡೀ ಹಸಿರಾಗಿದ್ದರೆ ಲಾರ್ಚ್ ಮಾತ್ರ ಶರತ್ಕಾಲದಲ್ಲಿ ಚಿನ್ನದ ಬಣ್ಣಕ್ಕೆ ತಿರುಗಿ ಎಲ್ಲ ಸೂಜಿಗಳನ್ನೂ ಉದುರಿಸಿಬಿಡುತ್ತದೆ. ಚಳಿಗಾಲದುದ್ದಕ್ಕೂ ಸತ್ತ ಮರದಂತೆ ಬೋಳಾಗಿ ನಿಂತು, ವಸಂತದಲ್ಲಿ ಮತ್ತೆ ಎಳೆ ಹಸಿರು ಸೂಜಿಗಳನ್ನು ಗೊಂಚಲು ಗೊಂಚಲಾಗಿ ಬಿಡುತ್ತದೆ. ಈ ಗುಣವನ್ನು ಅಲ್ಲಿನ ಜನ ಹೆಸರಿನಲ್ಲೇ ಹಿಡಿದಿಟ್ಟಿದ್ದಾರೆ. ರಷ್ಯನರು 'ಲಿಸ್ತ್ವೆನ್ನಿತ್ಸ' ಎನ್ನುತ್ತಾರೆ. ಅದರ ಮೂಲದಲ್ಲಿರುವ 'ಲಿಸ್ತ್' ಎಂದರೆ ಎಲೆ. ಫಿನ್ನರು 'ಲೆಹ್ತಿಕೂಸಿ' ಎನ್ನುತ್ತಾರೆ. ಎಂದರೆ ಎಲೆಯ ಸ್ಪ್ರೂಸ್.

ಎಲೆ ಏಕೆ ಉದುರಿಸುತ್ತದೆ? ನಮ್ಮ ಕಡೆಯ ತೇಗವನ್ನು ನೋಡಿದವರಿಗೆ ಉತ್ತರ ಕಷ್ಟವಲ್ಲ. ಬೇಸಗೆಯಲ್ಲಿ ನೆಲ ಒಣಗುವಾಗ ತೇಗ ಎಲೆ ಉದುರಿಸಿ ನೀರನ್ನು ಉಳಿಸಿಕೊಳ್ಳುತ್ತದೆ. ಉತ್ತರದ ನಾಡಿನಲ್ಲಿ ಚಳಿಗಾಲವೇ ಬರಗಾಲ. ನೀರು ಕಾಲಡಿಯಲ್ಲೇ ಇರುತ್ತದೆ, ಆದರೆ ಮಂಜುಗಡ್ಡೆಯಾಗಿ. ಬೇರು ಅದನ್ನು ಹೀರಲಾರದು. ಎಲೆಗಳಿದ್ದರೆ ಒಣ ಗಾಳಿಗೆ ಮರದ ನೀರೆಲ್ಲ ಹೋಗಿ ಅದು ಒಣಗೀತು. ಎಲೆಯನ್ನು ಬಿಟ್ಟು ಜೀವವನ್ನು ಉಳಿಸಿಕೊಳ್ಳುವುದು ಲಾರ್ಚಿನ ಉಪಾಯ.

ಇದರ ಕೆಚ್ಚಿನಲ್ಲಿ ರಾಳ ತುಂಬಿರುತ್ತದೆ. ಹಾಗಾಗಿ ನೀರಿಗೆ, ಮಣ್ಣಿಗೆ ಸುಲಭವಾಗಿ ಕುಂಬಾಗುವುದಿಲ್ಲ. ಸೈಬೀರಿಯದ ಲಾರ್ಚಿನ ಹಸಿ ದಿಮ್ಮಿ ಎಷ್ಟು ಭಾರವೆಂದರೆ ಹೊಳೆಯಲ್ಲಿ ತೇಲಿಬಿಟ್ಟರೆ ಎಷ್ಟೋ ಸಲ ಮುಳುಗಿಹೋಗುತ್ತದೆ. ಹಡಗು ಕಟ್ಟುವವರ ಕಣ್ಣು ಇದರ ಮೇಲೆ ಬಿದ್ದದ್ದು ಈ ಬಾಳಿಕೆಯ ಗುಣದಿಂದ.

ಹಡಗಿಗಾಗಿ ಬಿತ್ತಿದ ಕಾಡು

ಹದಿನೆಂಟನೆಯ ಶತಮಾನದ ಆರಂಭದಲ್ಲಿ ರಷ್ಯದ ದೊರೆ ಪೀಟರನಿಗೆ ಹಡಗಿನ ಹುಚ್ಚು. 1703ರಲ್ಲಿ ಬಾಲ್ಟಿಕ್ ಕರಾವಳಿಯಲ್ಲಿ ಪೀಟರ್ಸ್‌ಬರ್ಗ್ ನಗರವನ್ನು ಕಟ್ಟಿಸತೊಡಗಿದ. ಅದರ ಎದುರಿನ ದ್ವೀಪದಲ್ಲಿ ಕ್ರೋನ್‌ಷ್ಟಾಟ್ ಎಂಬ ನೌಕಾನೆಲೆ ಎದ್ದಿತು. 1721ರ ನಿಸ್ಟಾಡ್ ಒಪ್ಪಂದದಲ್ಲಿ ಸ್ವೀಡನ್ ಸೋತು, ಪೀಟರ್ಸ್‌ಬರ್ಗಿನ ವಾಯವ್ಯಕ್ಕಿದ್ದ ಕರೇಲಿಯ ಭೂಸಂಧಿಯನ್ನು ರಷ್ಯಕ್ಕೆ ಬಿಟ್ಟುಕೊಟ್ಟಿತು. ರೈವೋಲ ಇರುವುದು ಈ ಭೂಸಂಧಿಯಲ್ಲಿ, ಪೀಟರ್ಸ್‌ಬರ್ಗಿನಿಂದ ಸುಮಾರು 60 ಕಿಲೋಮೀಟರ್ ದೂರದಲ್ಲಿ.

ನೌಕಾಪಡೆಗೆ ಒಳ್ಳೆಯ ಮರ ಬೇಕು. ಯುರೋಪಿನ ಹಡಗುಗಳಿಗೆ ಓಕ್ ಮರವೇ ಶ್ರೇಷ್ಠವೆಂದು ಹೆಸರಾಗಿತ್ತು. ಆದರೆ ಉತ್ತರ ರಷ್ಯದಲ್ಲಿ ಓಕ್ ಕಡಿಮೆ. ದೂರದ ಅರ್ಖಾಂಗೆಲ್ಸ್ಕ್ ಪ್ರಾಂತದಲ್ಲಿ ಲಾರ್ಚ್ ಬೆಳೆಯುತ್ತಿತ್ತು. ಅಲ್ಲಿನ ಬಡಗಿಗಳು ಅದರಿಂದ ಹಡಗು ಕಟ್ಟುತ್ತಿದ್ದರು. ಆ ಮರವನ್ನೇ ರಾಜಧಾನಿಯ ಸಮೀಪ ಬೆಳೆಸಿದರೆ ಹೇಗೆ? ಈ ಆಲೋಚನೆ ಕಾರ್ಯರೂಪಕ್ಕೆ ಬಂದದ್ದು ಪೀಟರನ ಮರಣದ ನಂತರ, ಸಾಮ್ರಾಜ್ಞಿ ಆನ್ನಳ ಕಾಲದಲ್ಲಿ. ಕೆಲಸ ವಹಿಸಿಕೊಂಡವನು ಫರ್ಡಿನಾಂಡ್ ಫೋಕೆಲ್ ಎಂಬ ಜರ್ಮನ್ ಅರಣ್ಯತಜ್ಞ. 1738ರಲ್ಲಿ ಅರ್ಖಾಂಗೆಲ್ಸ್ಕ್ ಕಡೆಯಿಂದ ತಂದ ಬೀಜಗಳನ್ನು ಲಿಂತುಲ ಎಂಬ ಚಿಕ್ಕ ಹೊಳೆಯ ದಡದಲ್ಲಿ ಬಿತ್ತಿಸಿದ. ರಷ್ಯದಲ್ಲಿ ಮನುಷ್ಯರು ಬೆಳೆಸಿದ ಅತ್ಯಂತ ಹಳೆಯ ಕಾಡುಗಳಲ್ಲಿ ಇದೂ ಒಂದು. ಫೋಕೆಲ್ ಉತ್ತರ ರಷ್ಯದ ಕಾಡುಗಳ ಕುರಿತು ಬರೆದ ಗ್ರಂಥ ಅವನ ಕಾಲಾನಂತರ, 1766ರಲ್ಲಿ ಅಚ್ಚಾಯಿತು.

ಅದೇ 1738ರ ಸುಮಾರಿಗೆ ಸ್ಕಾಟ್ಲೆಂಡಿನಲ್ಲಿಯೂ ಇಂಥದೇ ಕೆಲಸ ನಡೆಯಿತು. ಆಲ್ಪ್ಸ್ ಕಡೆಯಿಂದ ತಂದ ಲಾರ್ಚ್ ಸಸಿಗಳನ್ನು ಅಥೋಲ್ ಎಂಬ ಜಮೀನ್ದಾರಿ ಮನೆತನದವರು ಡಂಕೆಲ್ಡ್ ಎಂಬಲ್ಲಿ ನೆಟ್ಟರು. ಆಗ ನೆಟ್ಟ ಮರವೊಂದು ಅಲ್ಲಿನ ಚರ್ಚಿನ ಬಳಿ 'ತಾಯಿ ಲಾರ್ಚ್' ಎಂಬ ಹೆಸರು ಪಡೆಯಿತು. 1830ರ ಒಳಗೆ ಆ ಮನೆತನದವರು ನೆಟ್ಟ ಲಾರ್ಚ್ ಮರಗಳ ಸಂಖ್ಯೆ ಸುಮಾರು 1 ಕೋಟಿ 40 ಲಕ್ಷವೆಂದು ಲೆಕ್ಕ. ಅವರ ಮರದಿಂದ ಕಟ್ಟಿದ 'ಅಥೋಲ್' ಎಂಬ ಯುದ್ಧನೌಕೆ 1820ರಲ್ಲಿ ನೀರಿಗಿಳಿಯಿತು.

ರೈವೋಲದ ತೋಪಿಗೆ ಅಂಥ ದಿನ ಬರಲಿಲ್ಲ. ಹಡಗಿನ ಮರವಾಗಲು ಲಾರ್ಚಿಗೆ ಬಹಳ ವರ್ಷಗಳು ಬೇಕು. ಮರಗಳು ಬಲಿಯುವ ಹೊತ್ತಿಗೆ ಮರದ ಯುದ್ಧನೌಕೆಗಳ ಕಾಲವೇ ಮುಗಿಯುತ್ತಾ ಬಂದಿತ್ತು. 1853ರಲ್ಲಿ ಸಿನೋಪಿನ ಕಾಳಗದಲ್ಲಿ ರಷ್ಯನರ ಸ್ಫೋಟಕ ಗುಂಡುಗಳು ತುರ್ಕರ ಮರದ ನೌಕೆಗಳನ್ನು ಸುಟ್ಟು ಹಾಕಿದವು. 1859ರಲ್ಲಿ ಫ್ರಾನ್ಸ್, 1860ರಲ್ಲಿ ಇಂಗ್ಲೆಂಡ್ ಕಬ್ಬಿಣದ ಕವಚವಿರುವ ನೌಕೆಗಳನ್ನು ನೀರಿಗಿಳಿಸಿದವು. ಹಡಗಿಗಾಗಿ ಬಿತ್ತಿದ ತೋಪಿನ ಮರಗಳು ದಡದಲ್ಲೇ ಉಳಿದುವು. ಇಂದು ಅವುಗಳಲ್ಲಿ 40 ಮೀಟರಿಗೂ ಎತ್ತರದ ಮರಗಳಿವೆ.

ನಿಲಂಬೂರಿನ ನೆನಪು

ಈ ಭಾಗವನ್ನು ಓದುವಾಗ ನನಗೆ ನೆನಪಾದದ್ದು ನಮ್ಮ ಕೇರಳದ ನಿಲಂಬೂರು. ಶಾಲೆಯ ಮಕ್ಕಳನ್ನು ಕರೆದುಕೊಂಡು ಒಮ್ಮೆ ಅಲ್ಲಿಗೆ ಹೋಗಿದ್ದೆ. ಚಾಲಿಯಾರ್ ಹೊಳೆಯ ದಡದಲ್ಲಿ 'ಕನೋಲಿ ಪ್ಲಾಟ್' ಎಂಬ ತೇಗದ ತೋಪಿದೆ. 1840ರ ದಶಕದಲ್ಲಿ ಮಲಬಾರಿನ ಕಲೆಕ್ಟರನಾಗಿದ್ದ ಕನೋಲಿ ಅಲ್ಲಿ ತೇಗ ಬೆಳೆಸಲು ಹೊರಟಾಗ ಮೊದಮೊದಲು ಬೀಜ ಮೊಳೆಯಲೇ ಇಲ್ಲ. ಕೊನೆಗೆ ಕೆಲಸ ಕೈಗೂಡಿಸಿದವರು ಚಾತು ಮೇನೋನ್. ಅವರ ಮೇಲ್ವಿಚಾರಣೆಯಲ್ಲಿ ಅಲ್ಲಿ ಸಾವಿರಾರು ಎಕರೆ ತೇಗ ಎದ್ದಿತು. ಮಲಬಾರಿನ ತೇಗಕ್ಕೆ ಹಡಗುಕಟ್ಟೆಗಳಲ್ಲಿ ಎಷ್ಟು ಬೆಲೆಯಿತ್ತೆಂಬುದಕ್ಕೆ ಸಾಕ್ಷಿ ಬೇಕೆಂದರೆ, 1817ರಲ್ಲಿ ಮುಂಬಯಿಯಲ್ಲಿ ತೇಗದಿಂದ ಕಟ್ಟಿದ 'ಟ್ರಿಂಕೋಮಲಿ' ಎಂಬ ನೌಕೆ ಇಂಗ್ಲೆಂಡಿನ ಹಾರ್ಟಲ್‌ಪೂಲಿನಲ್ಲಿ ಇಂದಿಗೂ ನೀರಿನ ಮೇಲಿದೆ.

ನಿಲಂಬೂರಿನ ಮರಗಳು ಬಲಿಯುವಾಗಲೂ ಕಬ್ಬಿಣದ ಹಡಗುಗಳು ಬಂದಾಗಿತ್ತು. ಮರ ನೆಡುವವನ ಲೆಕ್ಕಾಚಾರ ಒಂದು, ಮರದ ಆಯುಷ್ಯ ಇನ್ನೊಂದು. ನಾವು ಹೋದದ್ದು ಬೇಸಗೆಯಲ್ಲಿ. ತೇಗದ ಮರಗಳೆಲ್ಲ ಬೋಳಾಗಿದ್ದವು. ಹುಡುಗನೊಬ್ಬ, "ಮಾಷ್ಟ್ರೇ, ಇವೆಲ್ಲ ಸತ್ತಿವೆಯಾ?" ಎಂದು ಕೇಳಿದ್ದ. ಆಗ ನಕ್ಕು ಬಿಟ್ಟಿದ್ದೆ. ಲಾರ್ಚಿನ ವಿಚಾರ ಓದುವಾಗ ಆ ಪ್ರಶ್ನೆ ಮತ್ತೆ ಕಿವಿಯಲ್ಲಿ ಕೇಳಿಸಿತು.

ಸರಿದಾಡಿದ ಗಡಿ

ಇನ್ನು ತೋಪಿನ ರಾಜಕೀಯ ಚರಿತ್ರೆ. ಇದನ್ನು ಇಸವಿಗಳೊಂದಿಗೆ ಹೇಳಿದರೆ ಸಾಕು, ವರ್ಣನೆ ಬೇಕಾಗಿಲ್ಲ.

1738ರಲ್ಲಿ ಬಿತ್ತುವಾಗ ಆ ನೆಲ ರಷ್ಯನ್ ಸಾಮ್ರಾಜ್ಯದ್ದು. 1809ರಲ್ಲಿ ರಷ್ಯ ಸ್ವೀಡನಿನಿಂದ ಉಳಿದ ಫಿನ್ಲೆಂಡನ್ನೂ ಗೆದ್ದು, ಅದನ್ನು ತನ್ನ ಅಧೀನದಲ್ಲಿ ಸ್ವಾಯತ್ತ ಸಂಸ್ಥಾನವಾಗಿ ಇಟ್ಟುಕೊಂಡಿತು. 1812ರಲ್ಲಿ ಕರೇಲಿಯ ಭೂಸಂಧಿಯನ್ನು ಆ ಸಂಸ್ಥಾನಕ್ಕೆ ಸೇರಿಸಲಾಯಿತು. ಹೀಗೆ ತೋಪು ಫಿನ್ಲೆಂಡಿಗೆ ಹೋಯಿತು. 1917ರ ಡಿಸೆಂಬರಿನಲ್ಲಿ ಫಿನ್ಲೆಂಡ್ ಸ್ವತಂತ್ರವಾಯಿತು. ತೋಪು ಸ್ವತಂತ್ರ ಫಿನ್ಲೆಂಡಿನದಾಯಿತು. ಆಗ ಎರಡು ದೇಶಗಳ ನಡುವಿನ ಗಡಿ ರಾಯಾಯೋಕಿ ಎಂಬ ಹೊಳೆ. ಫಿನ್ನಿಷಿನಲ್ಲಿ ಆ ಮಾತಿನ ಅರ್ಥವೇ ಗಡಿಹೊಳೆ.

ಆ ಗಡಿ ಲೆನಿನ್‌ಗ್ರಾಡ್ ನಗರಕ್ಕೆ, ಎಂದರೆ ಹಳೆಯ ಪೀಟರ್ಸ್‌ಬರ್ಗಿಗೆ, ಬಹಳ ಹತ್ತಿರವಾಯಿತೆಂಬುದು ಸೋವಿಯತ್ ಸರಕಾರದ ವಾದ. 1939ರ ನವೆಂಬರ್ 30ರಂದು ಯುದ್ಧ ಆರಂಭವಾಯಿತು. ಚಳಿಗಾಲದ ಯುದ್ಧವೆಂದು ಅದಕ್ಕೆ ಹೆಸರು. 1940ರ ಮಾರ್ಚಿನ ಒಪ್ಪಂದದಲ್ಲಿ ಭೂಸಂಧಿಯೆಲ್ಲ ಸೋವಿಯತ್ ಒಕ್ಕೂಟಕ್ಕೆ ಹೋಯಿತು. 1941ರಲ್ಲಿ ಫಿನ್ನರು ಅದನ್ನು ಮರಳಿ ಹಿಡಿದರು. 1944ರ ಜೂನಿನಲ್ಲಿ ಮತ್ತೆ ಕಳೆದುಕೊಂಡರು. 1947ರ ಪ್ಯಾರಿಸ್ ಒಪ್ಪಂದ ಅದನ್ನು ಕಾಯಂ ಮಾಡಿತು. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದ ಮೇಲೆ ಅದು ರಷ್ಯ ಗಣರಾಜ್ಯದ್ದು. ಮರಗಳು ಮಾತ್ರ ಒಂದು ಅಂಗುಲವೂ ಕದಲಲಿಲ್ಲ.

ನಮ್ಮ ಮನೆಯ ಮರದ ಪೆಟ್ಟಿಗೆಯಲ್ಲಿ ಅಪ್ಪ ಇಟ್ಟ ಕಾಗದಪತ್ರಗಳಿವೆ. ಅತ್ಯಂತ ಹಳೆಯ ಕ್ರಯಪತ್ರದಲ್ಲಿ ದಕ್ಷಿಣ ಕನ್ನಡ ಜಿಲ್ಲೆ, ಮದ್ರಾಸ್ ರಾಜ್ಯ ಎಂದಿದೆ. 1956ರ ನವೆಂಬರ್ 1ರ ನಂತರದ ತೀರ್ವೆ ರಶೀದಿಗಳಲ್ಲಿ ಕೇರಳ ರಾಜ್ಯ, ಕಣ್ಣೂರು ಜಿಲ್ಲೆ. 1984ರ ನಂತರದವುಗಳಲ್ಲಿ ಕಾಸರಗೋಡು ಜಿಲ್ಲೆ. ಲಿಪಿ ಕನ್ನಡದಿಂದ ಮಲಯಾಳಕ್ಕೆ ಬದಲಾಗಿದೆ. ಆದರೆ ಕ್ರಯಪತ್ರದಲ್ಲಿ ಮೂಡುಗಡಿಯ ಗುರುತಾಗಿ ಬರೆದ ಬಕ್ಕೆ ಹಲಸಿನ ಮರ ಅಲ್ಲೇ ಇದೆ. 1967ರಲ್ಲಿ ಮಹಾಜನ ಆಯೋಗವು ಚಂದ್ರಗಿರಿ ಹೊಳೆಯ ಉತ್ತರದ ಭಾಗವನ್ನು ಮೈಸೂರಿಗೆ ಸೇರಿಸಬೇಕೆಂದು ಶಿಫಾರಸು ಮಾಡಿದಾಗ ಆ ಹಲಸಿನಡಿಯ ಜಗಲಿಯಲ್ಲಿ ಹಿರಿಯರು ಎಷ್ಟು ರಾತ್ರಿಗಳನ್ನು ಮಾತಿನಲ್ಲೇ ಕಳೆದರೆಂಬುದು ನನಗೆ ನೆನಪಿದೆ. ಶಿಫಾರಸು ಜಾರಿಗೆ ಬರಲಿಲ್ಲ.

ಇಲ್ಲಿ ಹೋಲಿಕೆಯನ್ನು ಅತಿಯಾಗಿ ಎಳೆಯಬಾರದು. ರೈವೋಲದಲ್ಲಿ ನಡೆದದ್ದು ಯುದ್ಧ. ಗಡಿ ಸರಿದಾಗ ಅಲ್ಲಿನ ಫಿನ್ನರು ಉಳಿಯಲಿಲ್ಲ. ಸೋತುಹೋದ ಕರೇಲಿಯದಿಂದ 4 ಲಕ್ಷಕ್ಕೂ ಹೆಚ್ಚು ಜನ ಗಂಟುಮೂಟೆ ಕಟ್ಟಿ, ದನಕರು ಹೊಡೆದುಕೊಂಡು ಫಿನ್ಲೆಂಡಿನ ಒಳನಾಡಿಗೆ ಹೋದರು. ಆ ದೇಶದ ಅಂದಿನ ಜನಸಂಖ್ಯೆಯಲ್ಲಿ ಅದು ಹತ್ತರಲ್ಲೊಂದು ಪಾಲಿಗಿಂತ ಹೆಚ್ಚು. ಅನೇಕರು 1941ರ ಬಳಿಕ ಮರಳಿ ಬಂದು ಮನೆ ರಿಪೇರಿ ಮಾಡಿಸಿಕೊಂಡು, 1944ರಲ್ಲಿ ಎರಡನೆಯ ಸಲ ಹೊರಟರು. 1945ರಲ್ಲಿ ಫಿನ್ಲೆಂಡ್ ಕಾನೂನು ಮಾಡಿ ಅವರಿಗೆ ಭೂಮಿ ಹಂಚಿತು. ಖಾಲಿಯಾದ ಹಳ್ಳಿಗಳಿಗೆ ಸೋವಿಯತ್ ಒಕ್ಕೂಟದ ಬೇರೆ ಭಾಗಗಳಿಂದ ಜನ ಬಂದು ನೆಲೆಸಿದರು. ಅವರಲ್ಲೂ ಯುದ್ಧದಲ್ಲಿ ಮನೆ ಕಳೆದುಕೊಂಡವರಿದ್ದರು.

ನಮ್ಮಲ್ಲಿ ಯಾರೂ ಗುಂಡು ಹಾರಿಸಿ ನಮ್ಮನ್ನು ಓಡಿಸಲಿಲ್ಲ. ಅಣ್ಣನಂತೆ ಕೆಲವರು ಕೆಲಸಕ್ಕಾಗಿ, ಮಕ್ಕಳ ಓದಿಗಾಗಿ ಪುತ್ತೂರಿಗೋ ಮಂಗಳೂರಿಗೋ ಹೋದರು. ನಾವು ಇಲ್ಲೇ ಉಳಿದೆವು. ಅಲ್ಲಿ ಜನ ಹೋದರು, ಮರ ಉಳಿಯಿತು. ಇಲ್ಲಿ ಜನವೂ ಮರವೂ ಉಳಿದವು, ಗೆರೆ ಮಾತ್ರ ಅತ್ತ ಸರಿಯಿತು. ಆದುದರಿಂದ ನಾವು ನಮ್ಮನ್ನು ರೈವೋಲದ ಜನರಿಗಿಂತ ಹೆಚ್ಚಾಗಿ ರೈವೋಲದ ಮರಗಳಿಗೆ ಹೋಲಿಸಿಕೊಳ್ಳುವುದು ಸರಿಯೆಂದು ನನಗೆ ತೋರುತ್ತದೆ.

ರೈವೋಲದ ಕವಿ

ಈಗ ನಮ್ಮ ಕವಿಯ ಕಡೆಗೆ ಬರೋಣ. ಸೋಡರ್‌ಗ್ರಾನ್ ಬಾಳಿದ ಕಾಲದಲ್ಲಿ ರೈವೋಲ ಹಲವು ಭಾಷೆಗಳ ಊರು. ಪೀಟರ್ಸ್‌ಬರ್ಗಿನಿಂದ ರೈಲಿನಲ್ಲಿ ಬೇಸಗೆ ಕಳೆಯಲು ಬರುವ ರಷ್ಯನ್ ಕುಟುಂಬಗಳು, ಫಿನ್ನಿಷ್ ರೈತರು, ನಡುವೆ ಬೆರಳೆಣಿಕೆಯ ಸ್ವೀಡಿಷ್ ಮನೆಗಳು. ಈಕೆ ಓದಿದ್ದು ಪೀಟರ್ಸ್‌ಬರ್ಗಿನ ಜರ್ಮನ್ ಶಾಲೆಯಲ್ಲಿ. ಬಾಲ್ಯದ ಕವಿತೆಗಳಲ್ಲಿ ಹೆಚ್ಚಿನವು ಜರ್ಮನ್ ಭಾಷೆಯವು. ಫ್ರೆಂಚ್, ರಷ್ಯನ್ ಭಾಷೆಗಳಲ್ಲಿಯೂ ಕೈಯಾಡಿಸಿದ್ದಳು. 1908ರ ಸುಮಾರಿಗೆ ಸ್ವೀಡಿಷಿನಲ್ಲೇ ಬರೆಯಬೇಕೆಂದು ನಿರ್ಧರಿಸಿದಳು. ಆ ಭಾಷೆಯ ಸಾಹಿತ್ಯವಲಯ ದೂರದ ಹೆಲ್ಸಿಂಕಿಯಲ್ಲಿತ್ತು. 1916ರಲ್ಲಿ ಮೊದಲ ಸಂಕಲನ ಬಂದಾಗ ಆ ಛಂದೋಮುಕ್ತ ಬರವಣಿಗೆಯನ್ನು ಕಂಡು ನಕ್ಕವರೂ ಇದ್ದರು. ರಷ್ಯದ ಕ್ರಾಂತಿಯಲ್ಲಿ ಮನೆಯ ಹಣವೆಲ್ಲ ಮುಳುಗಿತು. ಗಡಿ ಮುಚ್ಚಿದ ಮೇಲೆ ರಾಜಧಾನಿಯ ಪಕ್ಕದ ಊರು ಎಲ್ಲಕ್ಕೂ ದೂರವಾದ ಮೂಲೆಯಾಯಿತು. ತಾಯಿಯೊಂದಿಗೆ ಬಡತನದಲ್ಲಿ ಬದುಕಿ ಮೂವತ್ತೊಂದರ ಪ್ರಾಯದಲ್ಲಿ ಆಕೆ ತೀರಿಕೊಂಡಳು. ಇಂದು ಫಿನ್ಲೆಂಡಿನ ಸ್ವೀಡಿಷ್ ನವ್ಯಕಾವ್ಯ ಆಕೆಯಿಂದಲೇ ಆರಂಭವಾಯಿತೆಂದು ವಿಮರ್ಶಕರು ಹೇಳುತ್ತಾರೆ.

ಮನೆಮಾತು ಕೊಂಕಣಿಯಾಗಿದ್ದು ಕನ್ನಡದಲ್ಲಿ ಬರೆದ ಮಂಜೇಶ್ವರದ ಗೋವಿಂದ ಪೈಯವರನ್ನು ಬಲ್ಲ ನಮಗೆ ಇದು ವಿಚಿತ್ರವೆನಿಸದು. ತುಳು, ಕೊಂಕಣಿ, ಮಲಯಾಳ, ಮರಾಠಿ ಮನೆಗಳಿಂದ ಬಂದು ಕನ್ನಡವನ್ನು ತಮ್ಮದಾಗಿಸಿಕೊಂಡವರೇ ನಮ್ಮಲ್ಲಿ ಹೆಚ್ಚು. ಗಡಿಯ ಊರಿನಲ್ಲಿ ಭಾಷೆಯೆಂಬುದು ಹುಟ್ಟಿನಿಂದ ಬಂದುಬಿಡುವುದಿಲ್ಲ. ಅನೇಕ ಸಲ ಆರಿಸಿಕೊಂಡದ್ದಾಗಿರುತ್ತದೆ.

ಯುದ್ಧದಲ್ಲಿ ಸೋಡರ್‌ಗ್ರಾನಳ ಮನೆ ನಾಶವಾಯಿತು. ಸಮಾಧಿಯ ಗುರುತೂ ಉಳಿಯಲಿಲ್ಲ. 1960ರಲ್ಲಿ ರೋಷ್ಚಿನೊದಲ್ಲಿ ಆಕೆಗೊಂದು ಸ್ಮಾರಕ ಎದ್ದಿತು. ಆಕೆ ಬರೆದ ಭಾಷೆಯನ್ನು ಆಡುವವರಿಲ್ಲದ ಊರಿನಲ್ಲಿ, ಯುದ್ಧದ ನೋವು ಇನ್ನೂ ಮಾಸದ ದಿನಗಳಲ್ಲಿ ಅದಕ್ಕೆ ಜಾಗ ದೊರಕಿದ್ದು ಸಣ್ಣ ವಿಷಯವಲ್ಲ.

ಉಳಿದ ಹೆಸರುಗಳು

ಫಿನ್ನರು ಹೋದರು, ಊರಿನ ಹೆಸರು ಹೋಯಿತು ಎಂದೆ. ಹಾಗಾದರೆ ಏನೂ ಉಳಿಯಲಿಲ್ಲವೇ? ನೋಡುತ್ತಾ ಹೋದಂತೆ ಮೂರು ಕಡೆ ಹಳೆಯ ಹೆಸರುಗಳು ಸಿಕ್ಕಿದುವು.

ಒಂದನೆಯದು ತೋಪಿನಲ್ಲೇ. ರಷ್ಯನ್ ಭಾಷೆಯಲ್ಲಿ ತೋಪಿನ ಹೆಸರು ಲಿಂದುಲೋವ್ಸ್ಕಯ ರೋಷ್ಚ. ಎಂದರೆ ಲಿಂತುಲದ ತೋಪು. ಲಿಂತುಲ ಫಿನ್ನಿಷ್ ಮಾತು. 'ಲಿಂತು' ಎಂದರೆ ಹಕ್ಕಿ, 'ಲ' ಎಂಬುದು ನೆಲೆಯನ್ನು ಸೂಚಿಸುವ ಪ್ರತ್ಯಯ. ಹಕ್ಕಿಯ ಊರು. ಹೊಸ ಊರಿಗೆ ರಷ್ಯನ್ ಹೆಸರು ಕೊಟ್ಟದ್ದು ತೋಪು. ಆ ತೋಪಿನ ಹೆಸರಿನೊಳಗೆ ಫಿನ್ನಿಷ್ ಹಕ್ಕಿ ಕುಳಿತಿದೆ. 1976ರಲ್ಲಿ ತೋಪನ್ನು ಸಂರಕ್ಷಿತ ಪ್ರದೇಶವೆಂದು ಸಾರಲಾಯಿತು. 1990ರಲ್ಲಿ ಯುನೆಸ್ಕೋ ಪೀಟರ್ಸ್‌ಬರ್ಗಿನ ಚಾರಿತ್ರಿಕ ಸ್ಮಾರಕಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಈ ತೋಪೂ ಅದರಲ್ಲಿ ಸೇರಿತು. ಪಟ್ಟಿಯಲ್ಲಿಯೂ ಇರುವುದು ಅದೇ ಹೆಸರು.

ಎರಡನೆಯದು ಒಂದು ಸನ್ಯಾಸಿನಿಯರ ಮಠ. 1895ರಲ್ಲಿ ಲಿಂತುಲದಲ್ಲಿ ಆರ್ಥೊಡಾಕ್ಸ್ ಪಂಥದ ಮಠವೊಂದು ಸ್ಥಾಪನೆಯಾಗಿತ್ತು. 1939ರ ಯುದ್ಧದಲ್ಲಿ ಸನ್ಯಾಸಿನಿಯರು ಅದನ್ನು ಬಿಟ್ಟು ಹೋಗಬೇಕಾಯಿತು. ಹಲವು ಕಡೆ ಅಲೆದು 1946ರಲ್ಲಿ ಫಿನ್ಲೆಂಡಿನ ಹೈನಾವೆಸಿ ಎಂಬಲ್ಲಿ ನೆಲೆ ನಿಂತರು. ಆ ಊರಿನಲ್ಲಿ ಲಿಂತುಲ ಹೊಳೆಯಿಲ್ಲ. ಆದರೂ ಮಠದ ಹೆಸರು ಇಂದಿಗೂ ಲಿಂತುಲ. ಅಲ್ಲಿನ ಸನ್ಯಾಸಿನಿಯರು ಜೇನುಮೇಣದ ಬತ್ತಿಗಳನ್ನು ಮಾಡಿ ಚರ್ಚುಗಳಿಗೆ ಕಳುಹಿಸುತ್ತಾರೆ.

ಮೂರನೆಯದು ಬೀಜ. ಫಿನ್ಲೆಂಡಿನ ಸಹಜ ಕಾಡುಗಳಲ್ಲಿ ಲಾರ್ಚ್ ಬೆಳೆಯುವುದಿಲ್ಲ. ರೈವೋಲದ ತೋಪು ಫಿನ್ನರ ಕೈಯಲ್ಲಿದ್ದ ಕಾಲದಲ್ಲಿ ಅವರ ಅರಣ್ಯ ಇಲಾಖೆಯವರು ಅಲ್ಲಿಂದ ಬೀಜ ತಂದು ಪುಂಕಹಾರ್ಯು ಮೊದಲಾದ ಕಡೆ ಬೆಳೆಸಿದ್ದರು. ಗಡಿ ಮುಚ್ಚಿದ ಮೇಲೆ ತಾಯಿಮರಗಳು ಆಚೆ, ಮಕ್ಕಳು ಈಚೆ. ಆ ಸಂತತಿಯಿಂದ ಫಿನ್ಲೆಂಡಿನಲ್ಲಿ ಬೀಜದ ತೋಟಗಳನ್ನು ಬೆಳೆಸಿದರು. ಅಲ್ಲಿಂದ ಐಸ್‌ಲ್ಯಾಂಡಿಗೂ ಬೀಜ ಹೋಯಿತು. ಅರಣ್ಯತಜ್ಞರು ಈ ತಳಿಯನ್ನು ಕರೆಯುವುದು 'ರೈವೋಲ' ಎಂದೇ. ಭೂಪಟದಲ್ಲಿ ನಾನು ಹುಡುಕಿ ಕಾಣದ ಹೆಸರು ಬೀಜದ ಚೀಲದ ಮೇಲಿದೆ!

ಇನ್ನೊಂದು ಮಾತನ್ನೂ ಮರೆಯಬಾರದು. ಲಾರ್ಚ್ ರೈವೋಲಕ್ಕೂ ಹೊರಗಿನದು. ಅರ್ಖಾಂಗೆಲ್ಸ್ಕ್ ಪ್ರಾಂತದಿಂದ ಬಂದ ಬೀಜ, ಬಿತ್ತಿಸಿದವನು ಜರ್ಮನ್, ಬಿತ್ತಿಸಿದ್ದು ರಷ್ಯದ ಸಾಮ್ರಾಜ್ಞಿ, ಹೊಳೆಯ ಹೆಸರು ಫಿನ್ನಿಷ್. ಇಂಥ ಮರ ಎರಡೂ ದೇಶದವರಿಗೆ ತಮ್ಮದೆನಿಸಿತು. ಮೊದಲು ಬಂದವರು ಯಾರು, ಆಮೇಲೆ ಬಂದವರು ಯಾರು ಎಂದು ಜಗಳವಾಡುವುದು ನಮ್ಮಲ್ಲಿಯೂ ಉಂಟು. ಕಾಸರಗೋಡಿನ ಯಾವುದೇ ಹಳೆಯ ಮನೆಯ ವಂಶಾವಳಿ ತೆಗೆದು ನೋಡಿದರೂ ಎಲ್ಲಿಂದಲೋ ಬಂದ ಬೀಜವೇ ಮೂಲದಲ್ಲಿ ಸಿಕ್ಕೀತು. ಬಂದದ್ದು ಎಂದಿನಿಂದ ಎಂಬುದಕ್ಕಿಂತ ಬೇರೂರಿದ್ದು ಎಷ್ಟು ಆಳಕ್ಕೆ ಎಂಬುದು ಮುಖ್ಯ. ಮಲಯಾಳದ ಓದುಗರೂ ಇದನ್ನು ಒಪ್ಪುತ್ತಾರೆಂದು ನಂಬಿದ್ದೇನೆ.

ನಮ್ಮ ಶಾಲೆಗಳ ಕನ್ನಡ ಒಂದನೇ ತರಗತಿಯಲ್ಲಿ ಬೆಂಚುಗಳು ಖಾಲಿಯಾಗುವುದನ್ನು ಕಂಡು ನಾನು ಎಷ್ಟೋ ಸಲ ಮನಸ್ಸು ಕೆಡಿಸಿಕೊಂಡಿದ್ದೇನೆ. ನಿಲಂಬೂರಿನಲ್ಲಿ ಆ ಹುಡುಗ ಕೇಳಿದ ಪ್ರಶ್ನೆಯನ್ನೇ ನನಗೆ ನಾನು ಕೇಳಿಕೊಂಡಿದ್ದೇನೆ. ಎಲೆ ಉದುರಿದ ಮಾತ್ರಕ್ಕೆ ಮರ ಸತ್ತಿತೆನ್ನಲಾಗದು ಎಂದು ಈಗ ಹೇಳಬಲ್ಲೆ. ಆದರೆ ಅಷ್ಟಕ್ಕೇ ಸಮಾಧಾನಪಡುವುದೂ ತಪ್ಪು. ಮರ ತಾನಾಗಿ ಚಿಗುರೀತು; ಭಾಷೆ ಹಾಗಲ್ಲ. ರೈವೋಲದ ಹೆಸರು ಉಳಿದದ್ದು ಬೀಜವನ್ನು ಯಾರೋ ಆರಿಸಿ ತಂದು, ಮೊಳೆಸಿ, ಹೆಸರು ಬರೆದಿಟ್ಟದ್ದರಿಂದ. ಲಿಂತುಲ ಉಳಿದದ್ದು ಸನ್ಯಾಸಿನಿಯರು ಹೋದಲ್ಲಿಗೆ ಆ ಹೆಸರನ್ನು ಹೊತ್ತುಕೊಂಡು ಹೋದದ್ದರಿಂದ.

ಅಣ್ಣ ಪುತ್ತೂರಿಗೆ ಹೋಗುವಾಗ ಮೂಡುಗಡಿಯ ಹಲಸಿನ ಬೇಳೆಗಳನ್ನು ಕೊಂಡುಹೋಗಿ ಅಲ್ಲಿ ನೆಟ್ಟಿದ್ದ. ಆ ಮರ ಈಗ ಫಲ ಕೊಡುತ್ತಿದೆ. ಅಣ್ಣ ಇಲ್ಲ. ಹೋದ ವರ್ಷ ಅತ್ತಿಗೆಯನ್ನು ನೋಡಲು ಹೋದಾಗ, ಕಾಸರಗೋಡನ್ನು ಕಂಡಿರದ ಅವರ ಮೊಮ್ಮಗಳು ಸೊಳೆ ತುಂಬಿದ ಬಟ್ಟಲನ್ನು ನನ್ನ ಮುಂದಿಟ್ಟು ಅದು ಯಾವ ಹಲಸೆಂದು ಹೇಳಿದಳು. ಹೇಳಿದ್ದು ನಮ್ಮ ಊರಿನ ಹೆಸರು.